ಒಂಬತ್ತರಲ್ಲಿ ಐದು

ನವೆಂಬರ್ 4, ಸೋಮವಾರ

ಈ ಹ್ಯಾಂಡ್‌ಪೋಸ್ಟ್ ಊರಿಗೆ ಬಂದು ಎರಡು ವಾರವಾಗುತ್ತಾ ಬಂತು. ಯಶೋದಮ್ಮನವರ ಮಹಡಿಯ ಮೇಲಿನ ಮನೆ. ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ. ಹತ್ತಿರದ ಕೋಟೆ ಪಟ್ಟಣದ ಆಸ್ಪತ್ರೆಗೆ ಆಟೊ ಸಿಗುತ್ತದೆ. ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಗಾಜಿನ ಪಟ್ಟಿ ನೋಡುವುದು, ಕೆ.ಆರ್. ನಗರದಲ್ಲಿ ಮಾಡುತ್ತಿದ್ದ ಕೆಲಸವೇ. ಸಂಜೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗ್ಗೆ ತೆಗೆಯುವುದು.

"ಯಜಮಾನ್ರು ಯಾವಾಗ ಬತ್ತಾರವ್ವ?" ಎಂದು ಯಶೋದಮ್ಮ ಕೇಳಿದರು. ಇವರಿಗೆ ಬೀಜ, ಗೊಬ್ಬರದ ಅಂಗಡಿ, ಬಿಟ್ಟು ಬರುವುದು ಕಷ್ಟ ಎಂದೆ. ಸುಳ್ಳೇನಲ್ಲ. ವರ್ಗಾವಣೆಗೆ ನಾನೇ ಅರ್ಜಿ ಹಾಕಿಕೊಂಡೆ ಎಂಬುದನ್ನು ಹೇಳಲಿಲ್ಲ.

ನಮ್ಮ ಫೋನಿನ ಆಟದ ಪ್ರತಿ ಸೀಸನ್ನಿನ ಶುರುವಿನಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆದುಕೊಳ್ಳುವುದು ನನ್ನ ಅಭ್ಯಾಸ. ಬರೆದರೆ ತಲೆ ತಿಳಿಯಾಗುತ್ತದೆ. ಕೊಪ್ಪದ ಗೆಳೆಯರು ನಾವು ಹತ್ತು ಜನ, ಹತ್ತು ತಂಡ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರನ್ನು ಹರಾಜಿನಂತೆ ಹಂಚಿಕೊಂಡಿದ್ದೇವೆ. ಅಲ್ಲಿ ಅವರು ನಿಜವಾಗಿ ಆಡಿದ್ದು ಇಲ್ಲಿ ನಮ್ಮ ತಂಡದ ಲೆಕ್ಕಕ್ಕೆ ಸೇರುತ್ತದೆ. ವಾರಕ್ಕೊಬ್ಬ ಎದುರಾಳಿ. ಒಂಬತ್ತು ವಿಭಾಗ: ಪಾಯಿಂಟು, ರೀಬೌಂಡು, ಅಸಿಸ್ಟು, ಸ್ಟೀಲು, ಬ್ಲಾಕು, ದೂರದಿಂದ ಹಾಕುವ ಮೂರರ ಬುಟ್ಟಿ, ಎಸೆತದ ಶೇಕಡಾವಾರು, ಫ್ರೀ ಥ್ರೋ ಶೇಕಡಾವಾರು, ಚೆಂಡು ಕಳೆದುಕೊಳ್ಳದಿರುವುದು. ಒಂಬತ್ತರಲ್ಲಿ ಐದು ಗೆದ್ದರೆ ವಾರ ನಮ್ಮದು.

ಒಂಬತ್ತನ್ನೂ ಗೆಲ್ಲಲು ಹೋದವರು ಸೋಲುತ್ತಾರೆ. ಒಂದೆರಡನ್ನು ಮೊದಲೇ ಕೈಬಿಡಬೇಕು. ಈ ಸಲ ಫ್ರೀ ಥ್ರೋ ಬಿಟ್ಟೆ. ಹಾಗಾಗಿ ಫ್ರೀ ಥ್ರೋ ಸರಿಯಾಗಿ ಹಾಕಲಾರರೆಂದು ಬೇರೆಯವರು ಬೇಡವೆಂದ ಎತ್ತರದ ಆಟಗಾರರೆಲ್ಲ ನನಗೆ ಅಗ್ಗಕ್ಕೆ ಬಿದ್ದರು. ಅಂಕಿಅಂಶದ ಸೈಟಿನಲ್ಲಿ ನನ್ನ ತಂಡದ ಮುಂದೆ ಎಂಟು ಹಸಿರು, ಒಂದು ಕೆಂಪು.

ನವೆಂಬರ್ 12, ಮಂಗಳವಾರ

ಮೊದಲ ಮೂರು ವಾರವೂ ಗೆದ್ದೆ. ಫೋನಿನಲ್ಲಿ ಗೆಳೆಯರ ಗುಂಪಿಗೆ ಹಾಕಿದೆ. ಪೇಮಾ ಒಂದು ಹೆಬ್ಬೆರಳು ಒತ್ತಿದಳು. ಉಳಿದವರು ನೋಡಿಯೂ ಇಲ್ಲ.

ಹಿಂದೆ ಹೀಗಿರಲಿಲ್ಲ. ಕೊಪ್ಪದಲ್ಲಿ ಅಪ್ಪನ ತರಕಾರಿ ಅಂಗಡಿಗೆ ಬರುತ್ತಿದ್ದ ಪೇಮಾ ಒಂದು ದಿನ, "ಏ ಉದ್ದ ಹುಡುಗಿ, ನಮ್ಗೆ ಒಬ್ಳು ಕಮ್ಮಿ, ಬಾರೇ" ಎಂದು ಪಕ್ಕದ ಬೈಲಕುಪ್ಪೆಯ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಎಳೆದುಕೊಂಡು ಹೋದಳು. ಆಮೇಲೆ ಭಾನುವಾರವೆಂದರೆ ಅಲ್ಲೇ. ಟಿಬೆಟನ್ನರ ನಡುವೆ ನಾನೊಬ್ಬಳೇ ಕನ್ನಡದವಳು. ಗೆದ್ದವರು ಸೋತವರಿಗೆ ಮೊಮೊ ಕೊಡಿಸಬೇಕು, ನಮ್ಮದು ತಿರುವು ಮುರುವು ನಿಯಮ. ಈಗ ಪೇಮಾ ಟೊರೊಂಟೊದಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯಲ್ಲಿದ್ದಾಳೆ. ಮೂವರು ನ್ಯೂಯಾರ್ಕಿನಲ್ಲಿ, ಇಬ್ಬರು ಪ್ಯಾರಿಸಿನಲ್ಲಿ, ಇನ್ನುಳಿದವರು ಎಲ್ಲೆಲ್ಲೋ. ಇಲ್ಲಿ ಉಳಿದವಳು ನಾನು. ನಾನೂ ಕೊಪ್ಪದಲ್ಲಿಲ್ಲ.

ನವೆಂಬರ್ 20, ಬುಧವಾರ

ಎಲ್ಲರಿಗೂ ಒಂದೊಂದು ಟ್ರೇಡ್ ಕಳಿಸಿದೆ. ನನ್ನವನನ್ನು ಕೊಡುತ್ತೇನೆ, ನಿನ್ನವನನ್ನು ಕೊಡು ಎಂದು. ಯಾವುದೂ ನನಗೆ ಬೇಕಾದ ವಿನಿಮಯವಲ್ಲ. ಬೇಡ ಅನ್ನಲಿಕ್ಕಾದರೂ ಒಂದು ಗುಂಡಿ ಒತ್ತಬೇಕಲ್ಲ.

ನವೆಂಬರ್ 23, ಶನಿವಾರ

ಯಾರೂ ಒತ್ತಲಿಲ್ಲ. 'ಅವಧಿ ಮುಗಿದಿದೆ' ಎಂದು ಬಂತು.

ಡಿಸೆಂಬರ್ 1, ಭಾನುವಾರ

ಅಪ್ಪ ಫೋನ್ ಮಾಡಿದ್ದ. ಅವ್ವ ಹೋದ ಮೇಲೆ ಅಪ್ಪನಿಗೆ ಫೋನಿನಲ್ಲಿ ಮಾತಾಡುವುದು ಇನ್ನೂ ಕಷ್ಟವಾಗಿದೆ. ಕೋಸಿನ ದರ, ಹುರುಳಿಕಾಯಿ ದರ ಎಲ್ಲ ಹೇಳಿ ಮುಗಿಸಿ ಕೊನೆಗೆ ಅಂದ: "ವಾಪಸ್ ವೋಗು ಮಗ. ಮಾತಾಡ್ದೆ ಇದ್ರೆ ಏನಾಯ್ತು? ವಡ್ದಿಲ್ಲ, ಬಡ್ದಿಲ್ಲ. ಊರೋರು ಕೇಳಿದ್ರೆ ನಾನೇನ್ ಹೇಳ್ಲಿ?"

ನಾನೇನು ಹೇಳಲಿ? ಒಂದು ಗೃಹಪ್ರವೇಶದಲ್ಲಿ ನಮ್ಮ ಯಜಮಾನರು ಸ್ನೇಹಿತರ ಮುಂದೆ ಕ್ರಿಕೆಟ್ಟಿನ ಯಾವುದೋ ಲೆಕ್ಕ ತಪ್ಪು ಹೇಳಿದರು. ನಾನು ನಗುತ್ತಾ ತಿದ್ದಿದೆ. ಎಲ್ಲರೂ ನಕ್ಕರು. ಅವತ್ತಿನಿಂದ ಅವರು ನನ್ನೊಂದಿಗೆ ಮಾತು ಬಿಟ್ಟರು. ಒಂದು ವಾರ ಎಂದುಕೊಂಡೆ. ಒಂದು ತಿಂಗಳು ಎಂದುಕೊಂಡೆ. ಪಕ್ಕದಲ್ಲೇ ಕೂತಿದ್ದರೂ, "ಅವಳಿಗೆ ಹೇಳಮ್ಮ, ಸಾರಿಗೆ ಉಪ್ಪು ಸಾಲ್ದು" ಎಂದು ಅತ್ತೆಗೆ ಹೇಳುವರು. ಅತ್ತೆ ನನಗೆ ಹೇಳುವರು. ವರ್ಷ ಕಳೆಯಿತು. ಕಾಲು ಹಿಡಿದೆ, ಕಣ್ಣೀರು ಹಾಕಿದೆ, ಜಗಳವಾಡಿದೆ. ಗೋಡೆ ಗಡಿಯಾರ ನೋಡುತ್ತಾ ನಿಂತಿರುತ್ತಿದ್ದರು.

ಇದನ್ನು ಊರವರಿಗೆ ಹೇಳಿದರೆ ನಗುತ್ತಾರೆ.

ಡಿಸೆಂಬರ್ 9, ಸೋಮವಾರ

ಈ ವಾರ ಒಂಬತ್ತಕ್ಕೆ ಒಂಬತ್ತೂ ಗೆದ್ದೆ. ಖುಷಿಯಿಂದ ಎದುರಾಳಿಯ ತಂಡ ತೆರೆದು ನೋಡಿದರೆ ಮೊದಲ ಐವರಲ್ಲಿ ಮೂವರು ಗಾಯಗೊಂಡು ತಿಂಗಳಾಗಿದೆ. ಅವರನ್ನು ತೆಗೆದೇ ಇಲ್ಲ. ಉಳಿದ ತಂಡಗಳನ್ನೂ ನೋಡಿದೆ. ಆರು ತಂಡಗಳು ಹಂಚಿಕೊಂಡ ದಿನ ಹೇಗಿದ್ದವೋ ಹಾಗೇ ಇವೆ. ನಾನು ದಿನಾ ಬೆಳಗ್ಗೆ ಐದೂವರೆಗೆ ಎದ್ದು, ಯಾರಿಗೆ ವಾರದಲ್ಲಿ ನಾಲ್ಕು ಆಟ, ಯಾರಿಗೆ ಮೂರು ಎಂದು ವೇಳಾಪಟ್ಟಿ ಲೆಕ್ಕ ಹಾಕಿ, ಗಾಯದ ಸುದ್ದಿ ಓದಿ ಗೆದ್ದದ್ದು ಖಾಲಿ ಮನೆಗಳ ಮೇಲೆ.

ಗುಂಪಿನಲ್ಲಿ ಬರೆದೆ. ಸ್ವಲ್ಪ ಜೋರಾಗಿಯೇ. "ಆಡುವುದಾದರೆ ಆಡಿ. ಇಲ್ಲದಿದ್ದರೆ ಹೇಳಿಬಿಡಿ. ಸತ್ತವರ ಜೊತೆ ನಾನು ಆಡುವುದಿಲ್ಲ."

ಬರೆದ ಮೇಲೆ ಹೆದರಿಕೆಯಾಯಿತು. ಇವರೂ ಮಾತು ಬಿಟ್ಟರೆ?

ಡಿಸೆಂಬರ್ 13, ಶುಕ್ರವಾರ

ಬೈದದ್ದಕ್ಕೆ ಎಲ್ಲರೂ ಎಚ್ಚೆತ್ತಿದ್ದಾರೆ! ಆರು ತಂಡಗಳಲ್ಲೂ ಗಾಯಾಳುಗಳು ಹೊರಗೆ, ಹೊಸಬರು ಒಳಗೆ. ಮೂರು ಟ್ರೇಡ್ ಕಳಿಸಿದೆ. ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮೂರೂ ವಾಪಸ್: ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ. ಆಟೊದಲ್ಲಿ ಒಬ್ಬಳೇ ನಗುತ್ತಿದ್ದೆ. ಡ್ರೈವರು ಕನ್ನಡಿಯಲ್ಲಿ ನೋಡಿದ.

ಜನವರಿ 5, ಭಾನುವಾರ

ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಯಶೋದಮ್ಮ ಕಾಫಿ ಲೋಟ ಹಿಡಿದು ಮೇಲೆ ಬಂದರು. ಫೋನಿನಲ್ಲಿ ಆಟ ನಡೆಯುತ್ತಿತ್ತು.

"ದಿನಾ ಬೆಳಗ್ಗೆ ಇದೇನವ್ವ ಕೂಗಾಟ, ಕೆಳಕ್ಕೆ ಕೇಳ್ತದೆ. ಸೀರಿಯಲ್ಲಾ?"

ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ: "ಇವ್ರು ನಿನ್ನೋರು ಅಂತ ಅವ್ರಿಗ್ ಗೊತ್ತಾ?"

"ಇಲ್ಲ ಯಶೋದಮ್ಮ."

"ಅಯ್ಯೋ. ಆಮೇಕೆ ಏನ್ ಬಂತು ಸುಖ?"

ಆದರೂ ಹೋಗಲಿಲ್ಲ. ನನ್ನ ದೊಡ್ಡ ಸೆಂಟರ್ ಆಟಗಾರನಿಗೆ 'ಆನೆ' ಎಂದು ಹೆಸರಿಟ್ಟರು. ಗಿಡ್ಡ ಗಾರ್ಡಿಗೆ 'ಗುಬ್ಬಿ'. ಗುಬ್ಬಿ ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟುಬಿಟ್ಟಾಗ, "ಇವ್ನಿಗೇನ್ ಬಂತು ರೋಗ!" ಎಂದು ನನಗಿಂತ ಜೋರಾಗಿ ಕೂಗಿದರು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಯಶೋದಮ್ಮನವರ ಹಸುಗಳ ಕೊಂಬಿಗೆ ನಾನೇ ಬಣ್ಣ ಹಚ್ಚಿದೆ. ಕೆಂಪು ಹಸು ತಲೆ ಕೊಡವಿ ನನ್ನ ಮುಖಕ್ಕೂ ಹಚ್ಚಿತು.

ಅಪ್ಪನ ಫೋನ್. ಯಜಮಾನರ ದೊಡ್ಡಪ್ಪ ತಿಮ್ಮಯ್ಯನವರು ಕೂತು ಮಾತಾಡೋಣ ಎಂದಿದ್ದಾರೆ. ಫೆಬ್ರವರಿ ಎರಡನೇ ತಾರೀಕು, ಕೆ.ಆರ್. ನಗರದ ಮನೆಯಲ್ಲಿ. "ಇದ್ರಲ್ಲಿ ಮುಗೀಬೇಕು ಕಣವ್ವ" ಎಂದ ಅಪ್ಪ.

ಜನವರಿ 19, ಭಾನುವಾರ

ಆನೆಗೆ ಮೊಣಕಾಲು ಪೆಟ್ಟು. ಆರು ವಾರ ಇಲ್ಲ. ಟ್ರೇಡ್ ಅಳೆಯುವ ಸೈಟಿನಲ್ಲಿ ಹತ್ತು ಬಗೆಯ ಕೊಡು ಕೊಳ್ಳು ಹಾಕಿ ನೋಡಿದೆ. ಎಲ್ಲದರಲ್ಲೂ ನನಗೇ ನಷ್ಟ. ಇಟ್ಟುಕೊಳ್ಳುವುದೇ ಸರಿ.

ಅದೇ ಸೈಟು ತೆರೆದಿದ್ದಾಗ ಒಂದು ಯೋಚನೆ ಬಂತು. ಕೆ.ಆರ್. ನಗರದ ಸಂಸಾರವನ್ನೂ ಹೀಗೆ ಒಂಬತ್ತು ವಿಭಾಗ ಮಾಡಿದರೆ? ಸ್ವಂತ ಮನೆ ಇದೆ, ಹಸಿರು. ಕುಡಿತ ಇಲ್ಲ. ಹೊಡೆತ ಇಲ್ಲ. ಬೇರೆ ಹೆಂಗಸಿನ ಮಾತಿಲ್ಲ. ಅತ್ತೆ ಒಳ್ಳೆಯವರು. ನನ್ನ ಸಂಬಳ ಕೇಳಿದವರಲ್ಲ. ಕೆಲಸ ಬಿಡು ಎಂದವರಲ್ಲ. ಜನರಲ್ಲಿ ಮರ್ಯಾದೆ ಇದೆ. ಎಂಟು ಹಸಿರು. ಮಾತು ಒಂದೇ ಕೆಂಪು.

ಎಂಟಕ್ಕೆ ಒಂದು. ಇಂಥ ತಂಡವನ್ನು ಯಾರು ಬಿಡುತ್ತಾರೆ? ಅಪ್ಪ ಹೇಳುವುದೂ ಇದನ್ನೇ. ಹೋಗಿಬಿಡಬೇಕು ಅನ್ನಿಸುತ್ತಿದೆ.

ಫೆಬ್ರವರಿ 2, ಭಾನುವಾರ

ಈಗಷ್ಟೇ ಬಂದೆ. ಇನ್ನೂ ಬೆಳಕಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬ್ಯಾಗಿನಲ್ಲಿ ಬಟ್ಟೆ ಹಾಕಿಕೊಂಡೇ ಹೋಗಿದ್ದೆ, ಉಳಿಯುವುದಾದರೆ ಇರಲಿ ಎಂದು. ನಡುಮನೆಯಲ್ಲಿ ಚಾಪೆ ಹಾಸಿದ್ದರು. ತಿಮ್ಮಯ್ಯನವರು, ಇನ್ನಿಬ್ಬರು ಹಿರಿಯರು, ನಮ್ಮ ಯಜಮಾನರು. ಅಪ್ಪ ನನ್ನ ಪಕ್ಕದಲ್ಲಿ ಕೂತ. ಅತ್ತೆ ಬಾಗಿಲ ಬಳಿ.

ತಿಮ್ಮಯ್ಯನವರು ಶುರು ಮಾಡಿದರು. "ನೋಡವ್ವ, ನಮ್ ಉಡ್ಗ ಕುಡಿಯಾಕಿಲ್ಲ, ಕೈ ಎತ್ತಾಕಿಲ್ಲ. ಒಂದಿಷ್ಟು ಮುಂಗೋಪ. ಅದ್ಕೆ ಮನೆ ಬುಟ್ಟು ವೋಗೋದಾ?"

"ಮುಂಗೋಪ ಆಗಿದ್ರೆ ಬಯ್ತಿದ್ರು ದೊಡ್ಡಪ್ಪ. ನನ್ ಜೊತೆ ಮಾತೇ ಆಡಾಕಿಲ್ಲ."

"ಆಡ್ತಾನೆ ಬುಡು. ಅದೇನ್ ದೊಡ್ಡ ಇಸ್ಯ."

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಹಂಗಾದ್ರೆ ಈಗ್ಲೇ ಆಡ್ಲಿ. ನನ್ ಮುಖ ನೋಡಿ 'ಬಾ' ಅನ್ಲಿ. ಅಷ್ಟೇ ಸಾಕು. ಬ್ಯಾಗ್ ತಂದಿದ್ದೀನಿ, ಇವತ್ತೇ ಇಲ್ಲೇ ಉಳ್ಕತೀನಿ."

ಎಲ್ಲರೂ ಅವರ ಕಡೆ ತಿರುಗಿದರು. ಅವರು ಗೋಡೆಯ ಮೇಲಿದ್ದ ಬೀಜದ ಕಂಪನಿಯ ಕ್ಯಾಲೆಂಡರ್ ನೋಡುತ್ತಿದ್ದರು. ಒಂದೇ ಒಂದಕ್ಷರ ಬೇಕಿತ್ತು. ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಗಿ, ಅದರ ಸದ್ದು ಪೂರ್ತಿ ಅಡಗುವವರೆಗೂ ಕಾದೆವು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ತುಟಿ ಅಲುಗಿತು. ಬರುತ್ತದೆ ಅಂದುಕೊಂಡೆ.

ಅವರು ತಿಮ್ಮಯ್ಯನವರ ಕಡೆ ತಿರುಗಿದರು. "ದೊಡ್ಡಪ್ಪ, ಅವಳಿಗೆ ಹೇಳಿ. ಬರೋದಾದ್ರೆ ಬರ್ಲಿ. ನಾನೇನ್ ಬಾಗ್ಲು ಹಾಕಿಲ್ಲ."

ತಿಮ್ಮಯ್ಯನವರ ಮುಖ ಅರಳಿತು. "ಕೇಳುದ್ದೇನವ್ವ? ಬಾ ಅಂತಾವ್ನಲ್ಲ!"

"ಕೇಳಿಸ್ತು ದೊಡ್ಡಪ್ಪ. ನಿಮ್ಗೆ ಹೇಳಿದ್ರು."

ಎದ್ದೆ. ಅತ್ತೆ ಬಾಳೆಹಣ್ಣಿನ ತಟ್ಟೆ ಹಿಡಿದು ಅಳುತ್ತಿದ್ದರು, ಒಂದು ಹಣ್ಣು ತೆಗೆದುಕೊಂಡೆ. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಅಪ್ಪ ಟವೆಲ್ಲಿನ ಅಂಚಿನ ದಾರ ಕೀಳುತ್ತಾ ಕೂತಿದ್ದ. ಏಳಲಿಲ್ಲ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೋಟೆಗೆ ಇನ್ನೊಂದು. ದಾರಿಯುದ್ದಕ್ಕೂ ಹಣ್ಣು ಕೈಯಲ್ಲೇ ಇತ್ತು.

ಆ ಸೈಟು ಒಂಬತ್ತಕ್ಕೂ ಒಂದೇ ಬೆಲೆ ಕಟ್ಟುತ್ತದೆ. ಇದು ನನಗೆ ಮೊದಲೇ ಗೊತ್ತಿದ್ದದ್ದೇ.

ಫೆಬ್ರವರಿ 4, ಮಂಗಳವಾರ

ರಜೆ ಹಾಕಿದೆ. ಜ್ವರ ಎಂದೆ.

ಫೆಬ್ರವರಿ 6, ಗುರುವಾರ

ಬೆಳಗ್ಗೆ ಫೋನ್ ಬಡಿದುಕೊಂಡಿತು. ಪೇಮಾ. ಎಷ್ಟು ವರ್ಷದ ಮೇಲೆ ಅವಳ ದನಿ!

"ಬದ್ಕಿದ್ದೀಯೇನೇ? ನಾಲ್ಕು ದಿನ ಆಯ್ತು, ನಿನ್ ತಂಡ ಅಲ್ಲಾಡಿಲ್ಲ. ಕುಂಟ ನನ್ಮಗ ಒಬ್ನು ಇನ್ನೂ ಆಡೋರ ಸಾಲಲ್ಲಿ ಕೂತಿದ್ದಾನೆ. ನೀನಾ ಹಿಂಗ್ ಬಿಡೋಳು? ಏನೋ ಆಗೈತೆ ಅಂತ ಫೋನ್ ಮಾಡ್ದೆ."

ಏನೂ ಇಲ್ಲ ಎಂದೆ. ಆಮೇಲೆ ಎಲ್ಲ ಹೇಳಿದೆ. ಗೃಹಪ್ರವೇಶದಿಂದ ಹಿಡಿದು ಬಾಳೆಹಣ್ಣಿನವರೆಗೆ. ಅವಳು ಬಸ್ಸಿಗೆ ಕಾಯುತ್ತಾ ಹಿಮದಲ್ಲಿ ನಿಂತಿದ್ದಳಂತೆ. ಎರಡು ಬಸ್ಸು ಬಿಟ್ಟಳು.

"ಇಷ್ಟೆಲ್ಲ ಆದ್ರೂ ಗುಂಪಲ್ಲಿ ಒಂದ್ ಮಾತು ಹೇಳ್ಲಿಲ್ವಲ್ಲೇ."

"ಯಾರು ಓದ್ತಾರೆ ಅಲ್ಲಿ? ನಾನು ಬಯ್ದ ಮೇಲೆ ಟ್ರೇಡ್ ಬೇಡ ಅನ್ನಕ್ಕಾದ್ರೂ ಎದ್ದವ್ರೆ, ಅಷ್ಟೇ."

"ಸುಧಾ, ಕೋಪ ಮಾಡ್ಕೋಬೇಡ. ಯಾರೂ ಎದ್ದಿಲ್ಲ ಕಣೇ. ಅವ್ರೆಲ್ಲ ಎರಡೆರಡು ಶಿಫ್ಟ್ ದುಡಿಯೋರು, ಆಟ ಮರ್ತೇ ಹೋಗವ್ರೆ. ನೀನು ಸತ್ತವರ ಜೊತೆ ಆಡಲ್ಲ ಅಂದ್ಯಲ್ಲ, ಅವತ್ತು ಎಲ್ಲರ ಪಾಸ್‌ವರ್ಡ್ ಇಸ್ಕೊಂಡೆ. ಆರೂ ತಂಡ ನಾನೇ ನಡೆಸ್ತಿರೋದು. ನಿನ್ನ ಆ ಹುಚ್ಚು ಟ್ರೇಡೆಲ್ಲ ಬೇಡ ಅಂತ ಒತ್ತೋಳೂ ನಾನೇ."

"ಯಾಕೆ?"

"ಇಲ್ಲಿ ಕನ್ನಡ ಆಡಿ ಎಷ್ಟ್ ದಿನ ಆಯ್ತು ಗೊತ್ತಾ? ನಿನ್ ಟ್ರೇಡ್ ಬಂದ್ರೆ, ನಮ್ ಉದ್ದ ಹುಡುಗಿ ಎದ್ಲು ಅಂತ ನಂಗೆ ಗೊತ್ತಾಗ್ತಿತ್ತು."

ಫೋನ್ ಇಟ್ಟ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಆರು ಜನ ಇದ್ದಾರೆಂದು ತಿಳಿದಿದ್ದೆ. ಒಬ್ಬಳೇ ಇದ್ದಳು.

ಆದರೂ, ಇದ್ದಳು.

ಮಾರ್ಚ್ 3, ಸೋಮವಾರ

ಬರೆಯದೆ ಬಹಳ ದಿನವಾಯಿತು. ಪೇಮಾಳ ಜೊತೆ ಈಗ ವಾರಕ್ಕೆರಡು ಸಲ ಮಾತು. ಆಟದ ಮಾತು ಕಡಿಮೆ. ಅವಳು ನೋಡಿಕೊಳ್ಳುವ ಅಜ್ಜಿಯೊಬ್ಬಳು ಇವಳನ್ನೇ ಮಗಳೆಂದು ತಿಳಿದು ದಿನಾ ಬಯ್ಯುತ್ತಾಳಂತೆ.

ಆನೆ ವಾಪಸ್ ಬಂದಿದ್ದಾನೆ. ಕುಂಟುತ್ತಲೇ ಆಡುತ್ತಾನೆ. ಯಶೋದಮ್ಮನಿಗೆ ಎಲ್ಲ ಹೇಳಿದೆ. ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. "ಬೀಜದಂಗಡಿಯೋನು ನಾಕ್ ತಿಂಗ್ಳಲ್ಲಿ ಒಂದ್ ದಿನಾನೂ ಬರ್ದೆ ಇದ್ರೆ ಗೊತ್ತಾಗಾಕಿಲ್ವಾ" ಎಂದರು. ಮುದ್ದೆ ಕಟ್ಟುತ್ತಾ ಕಟ್ಟುತ್ತಾ ಹೇಳಿದರು.

ಹುಣಸೂರಿನ ವಕೀಲರನ್ನು ನೋಡಿ ಬಂದೆ.

ಮಾರ್ಚ್ 24, ಸೋಮವಾರ

ಸೆಮಿಫೈನಲ್ ಗೆದ್ದೆ. ಫೈನಲ್ಲಿನಲ್ಲಿ ಎದುರಾಳಿ ಪೇಮಾ. ಅವಳದೇ ತಂಡ, ಅವಳು ನಡೆಸುವ ಆರರಲ್ಲಿ ಯಾವುದೂ ಅಲ್ಲ. "ಆರು ತಂಡ ನಡ್ಸಿ ನಡ್ಸಿ ನಾನೂ ಕಲ್ತಿದ್ದೀನಿ, ಹುಷಾರು" ಎಂದಳು. ಮುಂದಿನ ವರ್ಷ ಲೀಗ್ ಬೇಡ ಎಂದೂ ಹೇಳಿದಳು. ಸರಿ ಎಂದೆ. ಬೇಜಾರಾಗಬಹುದೆಂದು ಕಾದೆ, ಆಗಲಿಲ್ಲ.

ಅಮೆರಿಕದಲ್ಲಿ ಬೇಸಿಗೆಯ ಲೆಕ್ಕಕ್ಕೆ ಗಡಿಯಾರ ಮುಂದಕ್ಕೆ ತಿರುಗಿಸಿದ್ದಾರೆ, ಆಟಗಳು ಇಲ್ಲಿಗೆ ಒಂದು ಗಂಟೆ ಬೇಗ. ವಕೀಲರ ನೋಟಿಸನ್ನು ನನ್ನ ಗಂಡ ಸುನೀಲ್ ತೆಗೆದುಕೊಂಡನಂತೆ. ಲ್ಯಾಬಿಗೆ ಹೊಸ ಯಂತ್ರ ಬಂದಿದೆ.

ಮಾರ್ಚ್ 30, ಭಾನುವಾರ

ಯುಗಾದಿ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಅಪ್ಪ! ಒಂದು ಚೀಲದ ತುಂಬ ಕೋಸು, ಬೀನ್ಸು, ಮೇಲೊಂದು ಬೇವಿನ ಕಡ್ಡಿ. ಆ ಭಾನುವಾರದ ಮೇಲೆ ಫೋನೂ ಮಾಡಿರಲಿಲ್ಲ. ಕೋಣೆಯ ಸುತ್ತ ನೋಡಿ, "ಗಾಳಿ ಬತ್ತದೆ" ಎಂದ. ಹೋಳಿಗೆ ತಿಂದ. ಕೆ.ಆರ್. ನಗರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಾತ್ರಿ ಇಲ್ಲೇ ಉಳಿಯುತ್ತಾನೆ. ಯಶೋದಮ್ಮ ನಾಳೆ ಹೊಸತೊಡಕಿನ ಬಾಡೂಟಕ್ಕೆ ಈಗಲೇ ಹೇಳಿಬಿಟ್ಟಿದ್ದಾರೆ.

ಮಾರ್ಚ್ 31, ಸೋಮವಾರ

ಬೆಳಗ್ಗೆ ಎದ್ದು ನೋಡಿದಾಗ ಐದು ನಾಲ್ಕರಲ್ಲಿ ನಾನು ಮುಂದೆ. ಒಂದೇ ಆಟ ಬಾಕಿ. ಪೇಮಾಳ ಕಡೆ ಯಾರೂ ಉಳಿದಿಲ್ಲ. ನನ್ನ ಕಡೆ ಗುಬ್ಬಿ ಒಬ್ಬ. ಚೆಂಡು ಕಳೆದುಕೊಳ್ಳದಿರುವ ವಿಭಾಗದಲ್ಲಿ ನನ್ನವರು ಎರಡು ಕಡಿಮೆ ಕಳೆದು ಮುಂದಿದ್ದರು. ಗುಬ್ಬಿಗೆ ಚೆಂಡು ಕಳೆದುಕೊಳ್ಳುವುದೇ ಕಸುಬು. ಅವನು ಆಡಿದರೆ ಬೇರೆ ಯಾವ ವಿಭಾಗವೂ ಬದಲಾಗುವುದಿಲ್ಲ, ಇದೊಂದು ಹೋಗಬಹುದು. ಇಂಥ ದಿನ ಮಾಡಬೇಕಾದ್ದು ಒಂದೇ. ಅವನನ್ನು ಬೆಂಚಿನಲ್ಲಿ ಕೂರಿಸಿ ಫೋನ್ ಆರಿಸುವುದು. ಎಲ್ಲ ಸೈಟುಗಳೂ ಅದನ್ನೇ ಹೇಳುತ್ತವೆ.

ಅಷ್ಟರಲ್ಲಿ ಅಪ್ಪ ಮುಖ ತೊಳೆದು ಬಂದು ಪಕ್ಕದಲ್ಲಿ ಕೂತ. "ನೀನು ಆಡ್ತಿದ್ದ ಆಟ ಅಲ್ವಾ ಇದು? ಹಾಕು ನೋಡಾನ."

ಗುಬ್ಬಿ ಆಡಲಿ ಎಂದು ಬಿಟ್ಟೆ.

"ನಾವು ಯಾವ ಕಡೆ?" ಎಂದು ಅಪ್ಪ ಕೇಳಿದ.

"ಯಾವ ಕಡೆನೂ ಅಲ್ಲ ಅಪ್ಪ. ಆ ಬಿಳಿ ಅಂಗಿಯ ಗಿಡ್ಡ ಇದ್ದಾನಲ್ಲ, ಅವನು ನಮ್ಮೋನು. ಉಳಿದ ಯಾರೂ ನಮ್ಮೋರಲ್ಲ."

"ಅವ್ನೊಬ್ನೇಯಾ?"

"ಒಬ್ನೇ."

ಅಪ್ಪ ಕನ್ನಡಕ ಹಾಕಿಕೊಂಡು ಫೋನಿನ ಹತ್ತಿರಕ್ಕೆ ಬಗ್ಗಿದ. ಯಾರು ಚೆಂಡು ಹಿಡಿದರೂ ಅವನು ನೋಡುತ್ತಿದ್ದದ್ದು ಗುಬ್ಬಿಯನ್ನೇ. ಗುಬ್ಬಿ ಒಂದು ಸಲ ಚೆಂಡು ಕಳೆದ. "ಓಗ್ಲಿ ಬುಡು, ಚಿಕ್ಕೋನು" ಎಂದ ಅಪ್ಪ. ಇನ್ನೊಂದು ಸಲ ಕಳೆದ. ಇಬ್ಬರು ಉದ್ದದವರು ಅವನನ್ನು ಮೂಲೆಗೆ ಒತ್ತಿ ನಿಂತಿದ್ದರು, ಅವನು ಚೆಂಡನ್ನು ಎದೆಗೆ ಅವುಚಿಕೊಂಡು ಆ ಕಡೆ ಈ ಕಡೆ ನೋಡುತ್ತಿದ್ದ.

"ಪಕ್ಕದಲ್ಲಿರೋನು ಯಾಕ್ ಬರಾಕಿಲ್ಲ ಅವ್ನ ತವಕ್ಕೆ?" ಅಪ್ಪನ ದನಿ ಏರಿತ್ತು. "ಇಸ್ಕೊಳ್ಳೋಕೆ ಏನ್ ದಾಡಿ ಅವ್ನಿಗೆ?"

ಮೂರನೆಯದೂ ಹೋಯಿತು.

ಅಪ್ಪ ಕನ್ನಡಕ ತೆಗೆದ. ಟವೆಲ್ಲಿನಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

"ಅವತ್ತು ನೀನೂ ಒಬ್ಳೇ ಆದೆ ಕಣ್ ಮಗ," ಅಂದ. "ನಾನು ಪಕ್ಕದಲ್ಲೇ ಕೂತಿದ್ದೆ."

ಫೋನಿನಲ್ಲಿ ಜನ ಕೂಗುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವ್ವ ಹೋದ ದಿನ, ಬಿಟ್ಟರೆ ಇವತ್ತು.

ನಾಲ್ಕು ಐದರಲ್ಲಿ ಸೋತೆ. ಪೇಮಾ ಫೋನಿನಲ್ಲಿ ಕಿರುಚಿದಳು, "ಗುಬ್ಬೀನ ಯಾಕೆ ಆಡಿಸ್ದೆ? ತಲೆ ಕೆಟ್ಟೈತಾ?" ಅಪ್ಪ ನೋಡ್ತಾ ಕೂತಿದ್ದ ಎಂದೆ. ಅವಳು ಅಪ್ಪನಿಗೆ ಕೊಡು ಎಂದಳು. ಅವರಿಬ್ಬರೂ ಕೊಪ್ಪದ ಟೊಮೆಟೊ ದರ ಮಾತಾಡಿಕೊಂಡರು.

ಅಪ್ಪ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಬಾಡೂಟ ಉಂಡು ಕೆಳಗೆ ಜಗಲಿಯ ಮೇಲೆ ಮಲಗಿದ್ದಾನೆ. ನಾಳೆ ನನ್ನ ಜೊತೆ ಹುಣಸೂರಿಗೆ, ವಕೀಲರ ಹತ್ತಿರ ಬರುತ್ತಾನಂತೆ. "ನಾನೂ ಎಲ್ಡ್ ಮಾತಾಡ್ಬೇಕು" ಎಂದ.